ಉಗುರಿಗೆ ಮೂರು ವರ್ಷ, ಕಾಡಿಗೆ ಹದಿನೈದು ದಿನ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಎರಡು ಷರತ್ತು ಹಾಕಿದ್ದಾರಂತೆ. ವೇದಿಕೆಯಲ್ಲಿ ತಮ್ಮ ಹೆಸರು ಹೇಳಬಾರದು ಎಂಬುದು ಒಂದು. ಉಪನ್ಯಾಸಕ ತಾನು ಓದಿ ಬಂದದ್ದನ್ನಲ್ಲ, ಮಾಡಿ ಬಂದದ್ದನ್ನು ಹೇಳಬೇಕು ಎಂಬುದು ಇನ್ನೊಂದು. ಈ ಎರಡನೆಯ ಷರತ್ತು ಇದ್ದುದರಿಂದಲೇ ನಾನು ಒಪ್ಪಿಕೊಂಡೆ. ನಾನು ವಿಜ್ಞಾನಿಯಲ್ಲ, ಪರಿಸರ ಹೋರಾಟಗಾರನೂ ಅಲ್ಲ. ಕಾಡಂಚಿನ ಒಂದು ತಾಲ್ಲೂಕು ಕೋರ್ಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕರಿಕೋಟು ಹಾಕಿದವನು. ಸ್ವಲ್ಪ ಕಾಲ ಸರ್ಕಾರದ ಪರ, ಹೆಚ್ಚು ಕಾಲ ಆರೋಪಿಗಳ ಪರ ನಿಂತವನು. ಜಿಂಕೆ ಹೊಡೆದವನ ಜಾಮೀನಿಗೆ ವಾದ ಮಾಡಿ, ಅದೇ ಸಂಜೆ ಮಕ್ಕಳನ್ನು ಸಫಾರಿಗೆ ಕರೆದುಕೊಂಡು ಹೋಗಿದ್ದೇನೆ. ಇದನ್ನು ಮುಚ್ಚಿಟ್ಟುಕೊಂಡು ಮಾತು ಶುರು ಮಾಡಿದರೆ ನಿಮಗೆ ಮೋಸ ಮಾಡಿದಂತೆ.

ಮೊದಲು ಒಂದು ಕ್ಲಚ್ ವೈರಿನ ಕತೆ ಹೇಳುತ್ತೇನೆ.

ಬೈಕಿನ ಕ್ಲಚ್ ವೈರ್ ನೀವೆಲ್ಲ ನೋಡಿರುತ್ತೀರಿ. ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ್ದು. ಒಂದು ತುದಿಯಲ್ಲಿ ಲೋಹದ ಗುಂಡು. ಆ ಗುಂಡಿನ ಹಿಂದೆ ಇನ್ನೊಂದು ತುದಿಯನ್ನು ಕುಣಿಕೆಯಾಗಿ ಸುತ್ತಿದರೆ ಉರುಳು ಸಿದ್ಧ. ಗ್ಯಾರೇಜಿನಲ್ಲಿ ಹಳೆಯದು ಕೇಳಿದರೆ ಪುಕ್ಕಟೆ ಸಿಗುತ್ತದೆ. ಬೇಲಿಯಲ್ಲಿ ಹಂದಿ ನುಗ್ಗುವ ಕಿಂಡಿ ಇರುತ್ತದಲ್ಲ, ಅಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿ, ತುದಿಯನ್ನು ಗಟ್ಟಿ ಗೂಟಕ್ಕೆ ಬಿಗಿದು ಮನೆಗೆ ಹೋಗಿ ಮಲಗುತ್ತಾರೆ. ಬೆಳಿಗ್ಗೆ ಹಂದಿ ಸಿಕ್ಕರೆ ಊಟ. ಸಿಗದಿದ್ದರೆ ಉರುಳು ಅಲ್ಲೇ ಇರುತ್ತದೆ, ಕಟ್ಟಿದವನೇ ಮರೆತರೂ. ನಾನು ಹೇಳುತ್ತಿರುವ ಉರುಳಿಗೆ ಬಿದ್ದದ್ದು ಹೆಣ್ಣು ಚಿರತೆ. ಸೊಂಟಕ್ಕೆ ಬಿಗಿದುಕೊಂಡಿತ್ತು. ಎಳೆದಷ್ಟೂ ಬಿಗಿಯುವುದು ಉರುಳಿನ ಗುಣ. ಅರಿವಳಿಕೆ ಕೊಡುವ ವೈದ್ಯರು ಊರು ತಲುಪುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು, ಚಿರತೆ ಸತ್ತಿತ್ತು.

ಆ ವೈರು ನಾಲ್ಕು ವರ್ಷದ ನಂತರ ಕೋರ್ಟಿಗೆ ಬಂತು. ರಟ್ಟಿನ ಡಬ್ಬದಲ್ಲಿ, ಮುದ್ದೆಮಾಲು ಒಂದು ಎಂಬ ಚೀಟಿ ಅಂಟಿಸಿಕೊಂಡು. ಅರಗಿನ ಮೊಹರು ಪುಡಿಯಾಗಿತ್ತು. ಚೀಟಿಯ ಮೇಲಿನ ಸಹಿ ಮಾಸಿ, ಯಾರದೆಂದು ಹೇಳುವಂತಿರಲಿಲ್ಲ. ಸರ್ಕಾರದ ಪರ ನಿಂತಿದ್ದವನು ನಾನೇ. ಎದುರಿನ ವಕೀಲರು ನನಗಿಂತ ಚಿಕ್ಕವರು, ಚುರುಕು. ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದ ವರದಿಗೆ, ಸಹಿ ಹಾಕಿದ ಸಾಕ್ಷಿಯನ್ನು ಕಟಕಟೆಗೆ ಕರೆದು ಮೂರೇ ಪ್ರಶ್ನೆ ಕೇಳಿದರು. ನೀವು ಏನು ಕೆಲಸ ಮಾಡುತ್ತೀರಿ? ಇಲಾಖೆಯ ಜೀಪು ಓಡಿಸುತ್ತೇನೆ. ಮಹಜರು ಬರೆದದ್ದು ಎಲ್ಲಿ? ಸ್ಥಳದಲ್ಲೇ, ಬೆಳಗಿನ ಜಾವ. ಆವತ್ತು ಮಳೆ ಇತ್ತಾ? ಇತ್ತು ಸ್ವಾಮಿ, ಜೋರು ಮಳೆ. ವಕೀಲರು ಮಹಜರಿನ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಹನಿ ನೀರಿನ ಕಲೆ ಇಲ್ಲ, ಇಂಕು ಒಂದು ಕಡೆಯೂ ಹರಡಿಲ್ಲ, ಅಕ್ಷರ ಮುತ್ತಿನಂತಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊಕದ್ದಮೆ ಮುಗಿದದ್ದು ಅಲ್ಲೇ. ಆಮೇಲೆ ನಾನು ವಾದಿಸಿದ್ದು ಸಂಬಳಕ್ಕಾಗಿ. ಸಂದೇಹದ ಲಾಭ, ಖುಲಾಸೆ.

ತಮಾಷೆಯೆಂದರೆ ಆರೋಪಿ ಉರುಳು ಕಟ್ಟಿದ್ದು ನಿಜ. ಖುಲಾಸೆಯಾದ ದಿನ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವನೇ ಹೇಳಿದ: 'ಹಂದಿಗೆ ಅಂತ ಕಟ್ಟಿದ್ದು ಸಾರ್, ಅದು ಯಾಕೆ ಬಂತೋ.' ಮಹಜರು ಸುಳ್ಳಾಗಿತ್ತು, ಅಪರಾಧ ಸುಳ್ಳಾಗಿರಲಿಲ್ಲ. ಈ ಒಂದು ವಾಕ್ಯವನ್ನು ನಾನು ಇವತ್ತಿನವರೆಗೂ ಮರೆತಿಲ್ಲ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ 51ನೇ ಕಲಮು ಶಿಕ್ಷೆಯದು. ಮೊದಲ ಪಟ್ಟಿಯಲ್ಲಿರುವ ಪ್ರಾಣಿಗಳಿವೆಯಲ್ಲ, ಹುಲಿ, ಚಿರತೆ, ಆನೆ, ಚಿಪ್ಪುಹಂದಿ, ಕಾಡುಪಾಪ ಇತ್ಯಾದಿ, ಅವುಗಳ ವಿಷಯದಲ್ಲಿ ತಪ್ಪು ಮಾಡಿದವನಿಗೆ ಆಗ ಇದ್ದ ಕನಿಷ್ಠ ಶಿಕ್ಷೆ ಆರು ತಿಂಗಳು, ದಂಡ ಐನೂರು ರೂಪಾಯಿ. 1991ರ ತಿದ್ದುಪಡಿಯಲ್ಲಿ ಕನಿಷ್ಠ ಒಂದು ವರ್ಷ, ಐದು ಸಾವಿರ. 2002ರ ತಿದ್ದುಪಡಿ 2003ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು, ದಂಡ ಹತ್ತು ಸಾವಿರಕ್ಕೆ ಕಡಿಮೆಯಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಕನಿಷ್ಠ ದಂಡ ಇಪ್ಪತ್ತೈದು ಸಾವಿರವಾಯಿತು. ಎರಡನೇ ಸಲ ಸಿಕ್ಕಿಬಿದ್ದರೆ ಒಂದು ಲಕ್ಷ. ನಡುವೆ 2006ರಲ್ಲಿ ಹುಲಿ ಮೀಸಲು ಪ್ರದೇಶಕ್ಕೆಂದೇ ಬೇರೆ ಉಪಕಲಮು ಬಂತು. ಅಲ್ಲಿ ಬೇಟೆಯಾಡಿ ಎರಡನೇ ಸಲ ಶಿಕ್ಷೆಗೆ ಒಳಗಾದವನಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಐದು ಲಕ್ಷದಿಂದ ಐವತ್ತು ಲಕ್ಷದವರೆಗೆ ದಂಡ. ಐವತ್ತು ಲಕ್ಷ! ನಾನು ಕಂಡ ಬೇಟೆಗಾರರ ಪೈಕಿ ಐವತ್ತು ಸಾವಿರವನ್ನು ಒಟ್ಟಿಗೆ ನೋಡಿದವರು ಒಬ್ಬಿಬ್ಬರಿರಬಹುದು.

'ಬೇಟೆ' ಎಂಬ ಪದದ ವ್ಯಾಖ್ಯಾನವನ್ನೂ ಒಮ್ಮೆ ಓದಿ ನೋಡಬೇಕು. ಕೊಲ್ಲುವುದು ಮಾತ್ರ ಬೇಟೆಯಲ್ಲ. ವಿಷ ಹಾಕುವುದು, ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಹಕ್ಕಿಯ ಮೊಟ್ಟೆ ಎತ್ತುವುದು, ಗೂಡು ಕೆದಕುವುದು, ಇವೆಲ್ಲ ಬೇಟೆಯೇ. ಪ್ರಯತ್ನ ಮಾಡಿದರೂ ಬೇಟೆಯೇ. ಇನ್ನೊಂದು, ಅಭಯಾರಣ್ಯದ ಒಳಗೆ ಬೇಟೆಯಾಡಿದರೆ ಪ್ರಾಣಿ ಯಾವ ಪಟ್ಟಿಯದು ಎಂದು ನೋಡುವುದಿಲ್ಲ. ಅಲ್ಲಿ ಮೊಲವೂ ಒಂದೇ, ಹುಲಿಯೂ ಒಂದೇ, ಕನಿಷ್ಠ ಮೂರು ವರ್ಷ. ಹದಿನೆಂಟು ತುಂಬಿದವನಾದರೆ ಒಳ್ಳೆಯ ನಡತೆಯ ಮೇಲೆ ಬಿಟ್ಟುಬಿಡಿ ಎಂದು ಕೇಳುವಂತೆಯೂ ಇಲ್ಲ. ಹೊಲದ ಬದುವಿನ ಆಚೆಗೆ ಅಭಯಾರಣ್ಯದ ಕಲ್ಲು ಇದ್ದು, ಉರುಳು ಕಲ್ಲಿನ ಈಚೆಗಿದೆಯೋ ಆಚೆಗಿದೆಯೋ ಎಂಬುದರ ಮೇಲೆ ಒಬ್ಬ ಮನುಷ್ಯನ ಮೂರು ವರ್ಷ ನಿಂತಿರುತ್ತದೆ. ಆ ಕಲ್ಲನ್ನು ಹುಡುಕಿಕೊಂಡು ಲಂಟಾನ ಪೊದೆಗಳ ನಡುವೆ ನಾನು ಪ್ಯಾಂಟು ಹರಿದುಕೊಂಡು ಅಲೆದದ್ದಿದೆ.

ಕಾಗದದ ಮೇಲೆ ಇಷ್ಟು ಬಿಗಿಯಾದ ಕಾನೂನು ಕೋರ್ಟಿನಲ್ಲಿ ಏಕೆ ಸಡಿಲವಾಗುತ್ತದೆ? ಒಂದು ಕಾರಣ ಹೊರಗಿನವರಿಗೆ ಹೊಳೆಯುವುದಿಲ್ಲ. ಇಂಥ ಮೊಕದ್ದಮೆಗಳು ನಡೆಯುವುದು ತಾಲ್ಲೂಕಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ಅವರು ಕೊಡಬಹುದಾದ ಗರಿಷ್ಠ ಜೈಲು ಮೂರು ವರ್ಷ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಅಷ್ಟೇ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅಷ್ಟೇ. ವನ್ಯಜೀವಿ ಕಾಯ್ದೆಯ ಕನಿಷ್ಠವೂ ಮೂರು ವರ್ಷ. ಅಂದರೆ ಕಾನೂನಿನ ನೆಲ ಮತ್ತು ಮ್ಯಾಜಿಸ್ಟ್ರೇಟರ ಚಾವಣಿ ಒಂದೇ ಎತ್ತರಕ್ಕೆ ಬಂದು ನಿಂತಿವೆ. ನಡುವೆ ತಲೆ ಎತ್ತಲು ಜಾಗವಿಲ್ಲ. ಇನ್ನೂ ಹೆಚ್ಚು ಕೊಡಬೇಕೆನಿಸಿದರೆ ಮುಖ್ಯ ನ್ಯಾಯಿಕ ದಂಡಾಧಿಕಾರಿಗೆ ಕಳಿಸಬೇಕು. ಕಡಿಮೆ ಕೊಡಬೇಕೆನಿಸಿದರೆ ದಾರಿಯೇ ಇಲ್ಲ, ಖುಲಾಸೆಯೊಂದನ್ನು ಬಿಟ್ಟು. ಹಸಿದ ಮುಖದ, ಹರಕು ಅಂಗಿಯ ಆರೋಪಿಯೊಬ್ಬ ಕೈಕಟ್ಟಿ ನಿಂತಾಗ, ಆರು ತಿಂಗಳು ಕೊಡಬಹುದಾಗಿದ್ದರೆ ಕೊಡುತ್ತಿದ್ದ ನ್ಯಾಯಾಧೀಶರು ಮೂರು ವರ್ಷ ಎಂದಾಗ ಪುರಾವೆಯನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ನೋಡಬೇಕಾದ್ದೇ. ಆ ಭೂತಗನ್ನಡಿಗೆ ನಮ್ಮ ಮಹಜರುಗಳು ತಡೆಯುವುದಿಲ್ಲ.

ಇನ್ನೊಂದು ಕಾರಣ 55ನೇ ಕಲಮು. ಈ ಕಾಯ್ದೆಯ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಕಾಯ್ದೆ ಹೆಸರಿಸಿದ ಅಥವಾ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ಪೊಲೀಸರು ಎಫ್‌ಐಆರ್ ಹಾಕಿ ದೋಷಾರೋಪಣ ಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಆಗುವುದಿಲ್ಲ. ಕೊಲೆ, ಕಳ್ಳತನದ ಅಭ್ಯಾಸದಲ್ಲಿ ಬೆಳೆದ ಠಾಣೆಗಳಿಗೆ ಇದು ನೆನಪಿರುವುದಿಲ್ಲ. ಐದು ವರ್ಷ ಓಡಾಡಿದ ಮೇಲೆ ಯಾರೋ ಒಬ್ಬ ವಕೀಲ ಎದ್ದು ನಿಂತು, ದೂರೇ ಇಲ್ಲ ಸ್ವಾಮಿ ಎನ್ನುತ್ತಾನೆ. ಆ ಯಾರೋ ಒಬ್ಬ ಎಷ್ಟೋ ಸಲ ನಾನೇ ಆಗಿದ್ದೆ. ಅದಕ್ಕೆ ಫೀಸು ತೆಗೆದುಕೊಂಡಿದ್ದೇನೆ, ನಾಚಿಕೆಯಿಲ್ಲ. ಕಾನೂನು ಗೊತ್ತಿರಬೇಕಾದ್ದು ಕಾನೂನು ಜಾರಿ ಮಾಡುವವರಿಗೆ. ಅದೇ ಕಾಯ್ದೆ ಅರಣ್ಯ ಇಲಾಖೆಯ ಕೈಗೆ ಪೊಲೀಸರಿಗಿಲ್ಲದ ಬಲವನ್ನೂ ಕೊಟ್ಟಿದೆ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ, ಆರೋಪಿಯ ಎದುರಿನಲ್ಲೇ ದಾಖಲಿಸಿದ ಸಾಕ್ಷ್ಯವನ್ನು ವಿಚಾರಣೆಯಲ್ಲಿ ಬಳಸಬಹುದು. ಬಳಸಿದ್ದನ್ನು ನಾನು ಕೈಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ.

ಶಿಕ್ಷೆ ಆಗಿಯೇ ಆಗುತ್ತದೆ ಎಂಬ ಭಯ ಇಲ್ಲದಾಗ ಶಿಕ್ಷೆಯ ಅಳತೆ ಯಾರನ್ನೂ ಹೆದರಿಸುವುದಿಲ್ಲ ಎನ್ನಲು ಸಂಸಾರ್ ಚಂದ್‌ನ ಬದುಕು ಸಾಕು. ಹುಲಿ, ಚಿರತೆಯ ಚರ್ಮದ ವ್ಯಾಪಾರಿ. ಅವನು ಮೊದಲು ಸಿಕ್ಕಿಬಿದ್ದದ್ದು 1974ರಲ್ಲಿ, ಕಾಯ್ದೆಗೆ ಎರಡು ವರ್ಷ ತುಂಬಿದಾಗ, ನೂರಾರು ಚರ್ಮಗಳೊಂದಿಗೆ. ಶಿಕ್ಷೆ ಪ್ರಕಟವಾದದ್ದು 1982ರಲ್ಲಿ. ಎಂಟು ವರ್ಷ! ಆ ಎಂಟು ವರ್ಷದಲ್ಲಿ ಹುಡುಗ ಗಂಡಸಾದ, ಗಂಡಸು ದೊಡ್ಡ ಸಾಹುಕಾರನಾದ. ಆಮೇಲೂ ಹಿಡಿದರು, ಬಿಟ್ಟರು, ಹಿಡಿದರು. ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲಿನಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು 2005ರಲ್ಲಿ ಖಚಿತವಾದಾಗ ಬೆರಳು ತೋರಿದ್ದು ಅವನ ಜಾಲದ ಕಡೆಗೇ. 2003ರಲ್ಲಿ ರೈಲಿನಲ್ಲಿ ಸಿಕ್ಕ ಚಿರತೆ ಚರ್ಮಗಳ ಪ್ರಕರಣದಲ್ಲಿ ಅವನಿಗೆ ವಿಧಿಸಿದ್ದ ಐದು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2010ರಲ್ಲಿ. 2014ರಲ್ಲಿ ಅವನು ಕಾಯಿಲೆಯಿಂದ ತೀರಿಹೋದ. ನಲವತ್ತು ವರ್ಷದ ವೃತ್ತಿಜೀವನ. ಕಾನೂನು ಅವನ ಹಿಂದೆ ಕುಂಟಿಕೊಂಡೇ ಓಡಿತು.

ಇದಕ್ಕೆ ಎದುರಾಗಿ ಇನ್ನೊಂದು ಪ್ರಕರಣ ನಿಮಗೆಲ್ಲ ಗೊತ್ತಿರುವುದೇ. 1998ರ ಅಕ್ಟೋಬರಿನಲ್ಲಿ ಜೋಧಪುರದ ಹತ್ತಿರದ ಕಂಕಾಣಿ ಎಂಬ ಹಳ್ಳಿಯಲ್ಲಿ ಎರಡು ಕೃಷ್ಣಮೃಗಗಳನ್ನು ಕೊಂದ ಪ್ರಕರಣ. ಹಿಂದಿ ನಟ ಸಲ್ಮಾನ್ ಖಾನ್‌ಗೆ 2018ರ ಏಪ್ರಿಲ್ 5ರಂದು ಐದು ವರ್ಷ ಜೈಲು, ಹತ್ತು ಸಾವಿರ ದಂಡ ವಿಧಿಸಿದರು. ಎರಡು ರಾತ್ರಿ ಕಳೆದ ಮೇಲೆ ಜಾಮೀನು ಸಿಕ್ಕಿತು, ಮೇಲ್ಮನವಿ ಹಾಕಲಾಯಿತು. ಜೊತೆಗಿದ್ದ ಉಳಿದ ಕಲಾವಿದರು ಖುಲಾಸೆಯಾದರು. ಟೀವಿಯವರು ಜೈಲಿನ ಊಟದ ಬಗ್ಗೆ ಎರಡು ದಿನ ಮಾತಾಡಿದರು. ವಕೀಲನಾಗಿ ನಾನು ಬೆರಗಾದದ್ದು ಬೇರೆಯದಕ್ಕೆ. ಇಪ್ಪತ್ತು ವರ್ಷ! ಅಷ್ಟು ಕಾಲ ಆ ಊರಿನ ಬಿಷ್ಣೋಯಿ ಸಮುದಾಯದ ಸಾಕ್ಷಿಗಳು ತಮ್ಮ ಮಾತಿಗೆ ಅಂಟಿಕೊಂಡಿದ್ದರು. ನಮ್ಮ ಕೋರ್ಟಿನಲ್ಲಿ ಇಪ್ಪತ್ತು ತಿಂಗಳಿಗೇ ಸಾಕ್ಷಿಗೆ ಮರೆವು ಬರುತ್ತದೆ. ಎದುರಿಗೆ ನಿಂತಿರುವವನು ಊರಿನ ಗೌಡರ ಮಗನಾಗಿದ್ದರಂತೂ ವಾರದಲ್ಲೇ ಬರುತ್ತದೆ. ಕೃಷ್ಣಮೃಗ ನಮಗೇನು ಹೊರಗಿನದಲ್ಲ. ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿದೆ, ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಗಾವಲಿನಲ್ಲಿದೆ. ಆ ಪ್ರಾಣಿಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವ ಮನುಷ್ಯರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ.

ಕರ್ನಾಟಕದ ಮಟ್ಟಿಗೆ ವನ್ಯಜೀವಿ ಕಾಯ್ದೆ ಮನೆಮಾತಾದದ್ದು 2023ರ ಅಕ್ಟೋಬರಿನಲ್ಲಿ, ಅದೂ ಬಿಗ್ ಬಾಸ್ ಮನೆಯಿಂದ. ಸ್ಪರ್ಧಿಯೊಬ್ಬರ ಕೊರಳಲ್ಲಿ ಹುಲಿ ಉಗುರಿನ ಪದಕ ಕಂಡಿತೆಂದು ಅರಣ್ಯಾಧಿಕಾರಿಗಳು ಅವರನ್ನು ಸೆಟ್ಟಿನಿಂದಲೇ ಕರೆದೊಯ್ದರು. ಆಮೇಲಿನ ಎರಡು ವಾರ ನೆನಪಿದೆಯಲ್ಲ! ಹಳೆಯ ಮದುವೆ ಫೋಟೋ, ಹುಟ್ಟುಹಬ್ಬದ ಫೋಟೋ, ಎಲ್ಲವನ್ನೂ ಜನ ದೊಡ್ಡದು ಮಾಡಿ ನೋಡಿದರು. ನಟರ ಮನೆ, ರಾಜಕಾರಣಿಗಳ ಮನೆ, ಸ್ವಾಮಿಗಳ ಕೊರಳು, ಯಾವುದೂ ಉಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು ಗಾದೆ. ಆ ತಿಂಗಳು ನಾಡೆಲ್ಲ ಕೊರಳು ಮುಟ್ಟಿ ನೋಡಿಕೊಂಡಿತು. ಪ್ಲಾಸ್ಟಿಕ್ಕು ಎಂದವರೂ ಇದ್ದರು, ಅಜ್ಜನದು ಎಂದವರೂ ಇದ್ದರು. ನನ್ನ ಮನೆಗೂ ಒಂದು ದಿನ ರಾತ್ರಿ ಒಬ್ಬ ಹಳೆಯ ಕಕ್ಷಿದಾರ ಬಂದ. ಕರವಸ್ತ್ರದ ಗಂಟು ಬಿಚ್ಚಿದರೆ ಚಿನ್ನದ ಕಟ್ಟಿನಲ್ಲಿ ಉಗುರು. 'ಮೊಮ್ಮಗನಿಗೆ ದೃಷ್ಟಿ ಆಗಬಾರದು ಅಂತ ನಮ್ಮಪ್ಪ ಕಟ್ಟಿದ್ದು ಸಾರ್, ಈಗ ಏನು ಮಾಡಲಿ, ಬಾವಿಗೆ ಹಾಕಲಾ?' ಅಂದ. ಅದರ ಬೆಲೆ ಕನಿಷ್ಠ ಮೂರು ವರ್ಷ ಎಂದೆ. ಅವನು ಚಿನ್ನದ ಬೆಲೆ ಎಂದುಕೊಂಡು, ವರ್ಷಕ್ಕೆ ಎಷ್ಟು ಎಂದು ಕೇಳಿದ.

ಕಾನೂನಿನ ಪ್ರಕಾರ ಆ ಉಗುರಿಗೂ ಕೊಂದ ಹುಲಿಗೂ ವ್ಯತ್ಯಾಸವಿಲ್ಲ. ಮೊದಲ ಪಟ್ಟಿಯ ಪ್ರಾಣಿಯ ಅಂಗದಿಂದ ಮಾಡಿದ ವಸ್ತುವನ್ನು ಅಕ್ರಮವಾಗಿ ಇಟ್ಟುಕೊಂಡರೂ ಅದೇ ಕನಿಷ್ಠ ಮೂರು ವರ್ಷ. ಹಾಗೇ ಇರಬೇಕು ಎಂದು ವಾದಿಸುವವರ ತರ್ಕ ನನಗೆ ಅರ್ಥವಾಗುತ್ತದೆ: ಕೊಳ್ಳುವ ಕೊರಳು ಇರುವವರೆಗೆ ಕೊಲ್ಲುವ ಕೈ ಇರುತ್ತದೆ. 2003ರಲ್ಲಿ ಕೇಂದ್ರ ಸರ್ಕಾರ ಹಳೆಯ ವಸ್ತುಗಳನ್ನು ಘೋಷಿಸಿಕೊಳ್ಳಲು 180 ದಿನ ಕೊಟ್ಟಿತ್ತು. ಹಳ್ಳಿಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಉಗುರಿನ ಗಲಾಟೆಯ ಮೇಲೆ ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಹಿಂತಿರುಗಿಸಲು ಕಾಲಾವಕಾಶ ಕೊಟ್ಟಿತು. ಇದಿಷ್ಟು ಉಗುರಿನ ಮಾತು.

ಈಗ ಕಾಡಿನ ಮಾತಿಗೆ ಬರುತ್ತೇನೆ. ಸ್ವಲ್ಪ ಸಿಟ್ಟಿನಿಂದ ಮಾತಾಡಿದರೆ ಕ್ಷಮಿಸಿ.

ಅರಣ್ಯ ಸಂರಕ್ಷಣಾ ಕಾಯ್ದೆ 1980ರದು. ಕಾಡನ್ನು ಕಾಡಲ್ಲದ ಕೆಲಸಕ್ಕೆ, ಗಣಿಗೋ ರಸ್ತೆಗೋ ಕಟ್ಟಡಕ್ಕೋ, ಕೇಂದ್ರದ ಅನುಮತಿ ಇಲ್ಲದೆ ಬಳಸಬಾರದು ಎಂಬುದು ಅದರ ಜೀವಾಳ. 1988ರಲ್ಲಿ ಅದಕ್ಕೆ ಶಿಕ್ಷೆಯ ಕಲಮು ಸೇರಿಸಿದರು. ಎಷ್ಟು ಗೊತ್ತೆ? ಹದಿನೈದು ದಿನದವರೆಗೆ ಸಾದಾ ಸಜೆ. ತಿಂಗಳಲ್ಲ, ವರ್ಷವಲ್ಲ, ಹದಿನೈದು ದಿನ, ಅದೂ ಗರಿಷ್ಠ. 2023ರಲ್ಲಿ ಆ ಕಾಯ್ದೆಯ ಹೆಸರನ್ನೇ ಬದಲಾಯಿಸಿದರು, ವ್ಯಾಪ್ತಿಯನ್ನು ಬದಲಾಯಿಸಿದರು. ಹದಿನೈದು ದಿನ ಹಾಗೇ ಉಳಿಯಿತು. ಅಭಯಾರಣ್ಯದ ಒಳಗಾದರೆ ವನ್ಯಜೀವಿ ಕಾಯ್ದೆ ಆಸರೆಗೆ ಬರುತ್ತದೆ, ನಿಜ. ಹೊರಗಿನ ಕಾಡಿಗೆ ಈ ಕೇಂದ್ರ ಕಾಯ್ದೆಯ ಕಡೆಯಿಂದ ಇರುವ ಬೆದರಿಕೆ ಇಷ್ಟೇ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗಿನ ದಂಡ ಮಾಡಿತು. ಜೈಲಿನ ಮಾತು ಬರುವುದು ದಂಡ ಕಟ್ಟದೆ ಹೋದರೆ ಮಾತ್ರ. ಉದ್ಯಮಗಳಿಗೆ ಅನುಕೂಲವಾಗಲಿ ಎಂಬುದು ಉದ್ದೇಶ. ಅಜ್ಜನ ಉಗುರು ಇಟ್ಟುಕೊಂಡ ರೈತನ ಮೇಲೆ ಇಂಥ ವಿಶ್ವಾಸ ಯಾರಿಗೂ ಹುಟ್ಟಿದ್ದು ಕಾಣೆ.

ಕುದುರೆಮುಖವನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಅದಿರಿನ ಗಣಿಗಾರಿಕೆಗೆ 1969ರಲ್ಲಿ ಮೂವತ್ತು ವರ್ಷದ ಗುತ್ತಿಗೆ ಆಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಬೆಟ್ಟಸಾಲು, ಸಿಂಗಳೀಕಗಳ ಶೋಲಾ ಕಾಡು. ಗುತ್ತಿಗೆ 1999ರಲ್ಲಿ ಮುಗಿದರೂ ಕೆಲಸ ನಿಲ್ಲಲಿಲ್ಲ, ತಾತ್ಕಾಲಿಕ ಅನುಮತಿಯ ಮೇಲೆ ನಡೆಯಿತು. ಗುಡ್ಡ ಬಗೆದ ಮಣ್ಣು ಮಳೆಗೆ ಭದ್ರೆಗೆ ಇಳಿಯುತ್ತಿತ್ತು. ಆ ಕಡೆಯವರಿಗೆ ಕೆಂಪು ಹೊಳೆ ಕಂಡು ಅಭ್ಯಾಸವಾಗಿಹೋಗಿತ್ತು. ಸುಪ್ರೀಂ ಕೋರ್ಟಿಗೆ ಹೋದವರು ಕೆ.ಎಂ. ಚಿಣ್ಣಪ್ಪ, ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು. 2002ರ ಅಕ್ಟೋಬರ್ 30ರ ಆದೇಶ ಗಣಿಗೆ 2005ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು. ಈ ನಾಡಿನ ಪರಿಸರ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಗೆಲುವು ನನಗೆ ಗೊತ್ತಿಲ್ಲ. ಆದರೆ ಗಮನಿಸಿ, ಅದು ಯಾರನ್ನೂ ಜೈಲಿಗೆ ಕಳಿಸುವ ತೀರ್ಪಾಗಿರಲಿಲ್ಲ. ಅನುಮತಿಯ ಕಾಗದ ಇರುವಲ್ಲಿ ಅಪರಾಧ ಎಂಬ ಪದವೇ ಹುಟ್ಟುವುದಿಲ್ಲ. ಬೆಟ್ಟ ಉಳಿದದ್ದು ದಂಡ ಸಂಹಿತೆಯಿಂದಲ್ಲ, ರೇಂಜರ್ ಒಬ್ಬರ ಹಟದಿಂದ. ಚಿಣ್ಣಪ್ಪನವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಎರೆಭೂತ ಎಂಬ ಹಕ್ಕಿಯ ಸಾವಿಗಂತೂ ಆರೋಪಿಯೇ ಇಲ್ಲ. ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಭಾರದ ಹಕ್ಕಿ, ಎದುರಿನ ತಂತಿ ಬೇಗ ಕಾಣುವುದಿಲ್ಲ. ಈ ಜಾತಿಯ ಹಕ್ಕಿಗಳು ರಾಜಸ್ಥಾನದಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ. ಯಾರ ಮೇಲೆ ಮೊಕದ್ದಮೆ ಹಾಕುತ್ತೀರಿ, ಕಂಬದ ಮೇಲೆಯೇ?

ಕೊನೆಯದಾಗಿ ಹೂಗ್ಯ. ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ಮೊದಲು ಕಣ್ಣಿಗೆ ಬಂದ ಚಿತ್ರ ಅದೇ. 2025ರ ಜೂನ್ 26. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ, ಐದೂ ಸತ್ತು ಬಿದ್ದಿದ್ದವು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದಲ್ಲಿ. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು ಎಂಬುದು ಆರೋಪ; ಹಸುವಿನ ಒಡೆಯನೂ ಸೇರಿ ಕೆಲವರನ್ನು ಬಂಧಿಸಿದರು. ಅದೇ ದಿನಗಳಲ್ಲಿ ಇನ್ನೊಂದು ಸುದ್ದಿಯೂ ಪತ್ರಿಕೆಗಳಲ್ಲಿ ಬಂತು: ಅಲ್ಲಿನ ಹೊರಗುತ್ತಿಗೆ ಕಾವಲುಗಾರರಿಗೆ ತಿಂಗಳುಗಳಿಂದ ಸಂಬಳವೇ ಆಗಿರಲಿಲ್ಲ.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. ಮಲೆ ಮಹದೇಶ್ವರ ವನ್ಯಧಾಮ ಆಗ ಹುಲಿ ಮೀಸಲು ಪ್ರದೇಶವಾಗಿರಲಿಲ್ಲ. ಹಾಗಾಗಿ ಆ 2006ರ ಭಾರಿ ದಂಡದ ಉಪಕಲಮು ಇಲ್ಲಿಗೆ ತಾಗುವುದಿಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸತ್ತಿದ್ದರೆ ತಾಗುತ್ತಿತ್ತು. ಹುಲಿಗೆ ಈ ಗಡಿ ಗೊತ್ತಿಲ್ಲ, ವಿಷಕ್ಕೂ ಗೊತ್ತಿಲ್ಲ. ಕಲಮಿಗೆ ಮಾತ್ರ ಗೊತ್ತು. ಇರಲಿ. ವಿಚಾರಣೆ ನಡೆಯಬೇಕಾದ ಪ್ರಕರಣದ ಬಗ್ಗೆ ನಾನು ತೀರ್ಪು ಹೇಳಬಾರದು. ಒಂದನ್ನು ಮಾತ್ರ ಹೇಳುತ್ತೇನೆ. ಹಸು ಕಳೆದುಕೊಂಡವನಿಗೆ ಪರಿಹಾರ ವಾರದೊಳಗೆ ಕೈಗೆ ಬರುವಂತಿದ್ದರೆ, ವಾಚರನಿಗೆ ತಿಂಗಳ ಮೊದಲ ದಿನ ಸಂಬಳ ಬರುವಂತಿದ್ದರೆ, ನಾವು ಅಲ್ಲಿ ಏಳು ವರ್ಷದ ಮಾತಾಡಬೇಕಾದ ಸಂದರ್ಭ ಕಡಿಮೆಯಾಗುತ್ತಿತ್ತು. ಇದನ್ನು ಕೊಂದವರ ಪರ ವಕಾಲತ್ತು ಎಂದುಕೊಳ್ಳಬೇಡಿ. ನಾಲ್ಕು ಮರಿಗಳಿಗೆ ವಿಷ ಹಾಕಿದ್ದು ರುಜುವಾತಾದರೆ ಅಂಥವರಿಗೆ ಪೂರಾ ಏಳು ವರ್ಷ ಆಗಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಮೂರು ತಿಂಗಳು ಸಂಬಳ ಕೊಡದವರಿಗೆ ಯಾವ ಕಲಮು?

ಇಷ್ಟೆಲ್ಲ ಹೇಳಿ ಪರಿಹಾರವೇನು ಎಂದು ಸಂಘಟಕರು ಕೇಳಬಹುದು. ಹದಿನೈದು ದಿನದ ಆ ಕಲಮನ್ನು ಬದಲಿಸುವುದು ಸಂಸತ್ತಿನ ಕೆಲಸ. ಉರುಳಿನವನಿಗೆ ಆರು ತಿಂಗಳು, ಚರ್ಮದ ವ್ಯಾಪಾರಿಗೆ ಏಳು ವರ್ಷ ಎಂದು ಬೇರ್ಪಡಿಸಿ ಕೊಡುವಷ್ಟು ಸಡಿಲವನ್ನು ನ್ಯಾಯಾಧೀಶರಿಗೆ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ; ಗೆಳೆಯರು ಕೆಲವರು ಒಪ್ಪುವುದಿಲ್ಲ, ಜಗಳವಾಡಿದ್ದೇವೆ. ಅದೂ ಸಂಸತ್ತಿನದೇ. ಇಲ್ಲಿ ಕೂತಿರುವವರ ಕೈಯಲ್ಲಿ ಇರುವುದು ಎರಡು. ಕಾಯ್ದೆಯ ಅದೇ 55ನೇ ಕಲಮು ಸಾಮಾನ್ಯ ಪ್ರಜೆಗೂ ಬಾಗಿಲು ತೆರೆದಿದೆ: ಅರವತ್ತು ದಿನಕ್ಕೆ ಕಡಿಮೆಯಿಲ್ಲದ ನೋಟಿಸು ಕೊಟ್ಟು ಯಾರು ಬೇಕಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ನನ್ನ ಇಡೀ ವೃತ್ತಿಯಲ್ಲಿ ಅಂಥ ನೋಟಿಸು ಬರೆಸಲು ನನ್ನ ಕಚೇರಿಗೆ ಬಂದವರು ಒಬ್ಬರೂ ಇಲ್ಲ.

ಇನ್ನೊಂದು ಅದಕ್ಕಿಂತ ಸುಲಭ. ನಿಮ್ಮ ಊರ ಹತ್ತಿರ ಉರುಳು ಸಿಕ್ಕಾಗ, ಪ್ರಾಣಿ ಸತ್ತಾಗ, ಅರಣ್ಯ ಇಲಾಖೆಯವರು ಮಹಜರಿಗೆ ಪಂಚರಾಗಿ ಬನ್ನಿ ಎಂದು ಕರೆಯುತ್ತಾರೆ. ಬಾಗಿಲು ಹಾಕಿಕೊಳ್ಳಬೇಡಿ. ನೀವು ಬರದಿದ್ದರೆ ಅವರು ಜೀಪಿನ ಡ್ರೈವರನನ್ನು ಪಂಚ ಮಾಡುತ್ತಾರೆ. ಅದರ ಗತಿ ಏನೆಂದು ಆಗಲೇ ಹೇಳಿದೆ. ಹೋಗಿ. ಸ್ಥಳದಲ್ಲೇ ಬರೆಯಿರಿ ಎಂದು ಹಟ ಹಿಡಿಯಿರಿ. ಬರೆದದ್ದನ್ನು ಪೂರ್ತಿ ಓದಿ, ಕಾಣದ್ದನ್ನು ಹೊಡೆದುಹಾಕಿಸಿ, ಆಮೇಲೆ ಸಹಿ ಮಾಡಿ. ನಾಲ್ಕು ವರ್ಷದ ಮೇಲೆ ಕೋರ್ಟಿನ ಸಮನ್ಸು ಬಂದಾಗ ಆ ದಿನದ ಕೆಲಸ ಬಿಟ್ಟು ಬಂದು ಕಟಕಟೆ ಹತ್ತಿ. ಮಳೆ ಇದ್ದರೆ ಇತ್ತು ಅನ್ನಿ, ಇಲ್ಲದಿದ್ದರೆ ಇರಲಿಲ್ಲ ಅನ್ನಿ.